ಕಾಲೇಜು ಸೀಟಿಗಾಗಿ ಕಾಯುವ ಮಕ್ಕಳ ಜೊತೆ ನಿಲ್ಲುವುದು ಹೇಗೆ: ಪಟ್ಟಿ ಮಾಡುವ ದಿನದಿಂದ ಸೇರುವ ದಿನದವರೆಗೆ

ಮಗಳು ಅಪ್ಲಿಕೇಶನ್‌ಗಳನ್ನೆಲ್ಲ ಕಳಿಸಿ ಕಾಯುತ್ತಿದ್ದ ದಿನಗಳಲ್ಲಿ "ಏನಾದ್ರೂ ಮೇಲ್ ಬಂತಾ?" ಎಂದು ನಾನು ಎಷ್ಟು ಸಲ ಕೇಳಿದ್ದೆನೋ ಲೆಕ್ಕವಿಲ್ಲ. ಒಂದು ಸಂಜೆ ಅವಳು ಫೋನನ್ನು ನನ್ನ ಕೈಗೇ ಕೊಟ್ಟು, "ಅಪ್ಪಾ, ನೀನೇ ಇಟ್ಕೋ. ಬಂದ್ರೆ ಹೇಳು" ಎಂದಳು. ಕೋಪದಿಂದಲ್ಲ, ಸುಸ್ತಾಗಿ. ಮನೆಯಲ್ಲಿ ಕಾಯುತ್ತಿರುವವರು ಇಬ್ಬರು ಎಂದು ನನಗೆ ಹೊಳೆದದ್ದು ಆಗ. ಅವಳ ಕಾಯುವಿಕೆ ಅವಳಿಗೇ ಸಾಕಾಗಿತ್ತು. ನಾನು ನನ್ನದನ್ನೂ ತಂದು ಅವಳ ತಲೆಯ ಮೇಲೆ ಇಟ್ಟಿದ್ದೆ.

ಸೀಟು ಸಿಗುವುದು ಬಿಡುವುದು ತಂದೆ ತಾಯಿಯ ಕೈಯಲ್ಲಿಲ್ಲ. ಆದರೆ ಆ ನಾಲ್ಕೈದು ತಿಂಗಳು ಮನೆ ಹೇಗಿರುತ್ತದೆ ಅನ್ನುವುದು ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ. ಕೆಳಗಿನ ಹೆಜ್ಜೆಗಳನ್ನು ಕಾಲದ ಕ್ರಮದಲ್ಲಿ ಬರೆದಿದ್ದೇನೆ. ನೀವು ಈಗಾಗಲೇ ನಡುವೆ ಎಲ್ಲೋ ಇದ್ದರೆ ಅಲ್ಲಿಂದಲೇ ಓದಿ. ಮೊದಲ ಹೆಜ್ಜೆಯನ್ನು ಮಾತ್ರ ಬಿಡಬೇಡಿ.

ಹೆಜ್ಜೆ 1: ಮೊದಲು ನಿಮ್ಮ ಆತಂಕವನ್ನು ಬೇರೆ ಮಾಡಿ

ಒಂದು ಹಾಳೆ ತೆಗೆದುಕೊಳ್ಳಿ. ಮಕ್ಕಳಿಗೆ ತೋರಿಸುವ ಹಾಳೆ ಅಲ್ಲ ಇದು. "ಅವನಿಗೆ ಆ ಕಾಲೇಜು ಸಿಗದಿದ್ದರೆ ನನಗೆ ಏನು ಕಷ್ಟ?" ಎಂದು ಮೇಲೆ ಬರೆಯಿರಿ. "ಅವನಿಗೆ" ಏನು ಕಷ್ಟ ಅಂತ ಅಲ್ಲ, "ನನಗೆ". ಆಮೇಲೆ ನಿಜ ಬರೆಯಿರಿ. ನೆಂಟರಿಗೆ ಏನು ಹೇಳಲಿ? ಟ್ಯೂಷನ್‌ಗೆ ಸುರಿದ ದುಡ್ಡು ದಂಡವಾಯಿತಾ? ನಾನು ಓದಲಾಗದ್ದನ್ನು ಇವನಾದರೂ ಓದಲಿ ಎಂದಿದ್ದೆನಲ್ಲ? ನನ್ನ ಹಾಳೆಯಲ್ಲಿ ಐದು ಸಾಲು ಬಂತು. ಅದರಲ್ಲಿ ಮೂರು ನನ್ನ ಮರ್ಯಾದೆಗೆ ಸಂಬಂಧಿಸಿದ್ದು. ಓದಿ ನಾಚಿಕೆಯಾಯಿತು, ಸ್ವಲ್ಪ ಹಗುರವೂ ಆಯಿತು.

ಆ ಸಾಲುಗಳನ್ನು ಹೇಳಿಕೊಳ್ಳಲು ಒಬ್ಬ ದೊಡ್ಡವರನ್ನು ಹುಡುಕಿಕೊಳ್ಳಿ. ಗಂಡ, ಹೆಂಡತಿ, ಅಕ್ಕ, ಹಳೇ ಗೆಳೆಯ, ಯಾರಾದರೂ ಸರಿ. ನಿಮ್ಮ ಮಗ ಅಥವಾ ಮಗಳು ಮಾತ್ರ ಅಲ್ಲ.

ಮಾತನ್ನೂ ಒಮ್ಮೆ ಗಮನಿಸಿ. "ನಾವು ಎಂಟು ಕಡೆ ಅಪ್ಲೈ ಮಾಡಿದ್ದೀವಿ" ಎನ್ನುತ್ತೀರಾ? ಮಾಡಿದ್ದು ಅವರು. "ನಾವು" ಎಂದಾಗ ಗೆದ್ದರೂ ಸೋತರೂ ಇಡೀ ಮನೆಯ ಲೆಕ್ಕ ಅವರ ಹೆಗಲಿಗೆ ಬೀಳುತ್ತದೆ.

ಇನ್ನೊಂದು ಪದ್ಧತಿ ನಮ್ಮ ಮನೆಯಲ್ಲಿ ಕೆಲಸ ಮಾಡಿತು. ಅಡ್ಮಿಷನ್ ಮಾತಿಗೆ ವಾರಕ್ಕೆ ಒಂದೇ ದಿನ, ಇಪ್ಪತ್ತು ನಿಮಿಷ. ದಿನ, ಹೊತ್ತು ಮಗಳೇ ಹೇಳಿದಳು. ಉಳಿದ ಆರು ದಿನ ಆ ವಿಷಯ ನಾವಾಗಿ ಎತ್ತುವಂತಿಲ್ಲ, ಅವಳು ಎತ್ತಬಹುದು. ಏನಾದರೂ ನೆನಪಾದರೆ ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ವಾರದ ಕೊನೆಗೆ ನೋಡಿದರೆ ಅದರಲ್ಲಿ ಅರ್ಧ ಕೇಳುವಂಥದ್ದೇ ಆಗಿರುತ್ತಿರಲಿಲ್ಲ.

ಹೆಜ್ಜೆ 2: ಆಯ್ಕೆ ಹೇಗೆ ನಡೆಯುತ್ತದೆ ಎಂದು ಮಕ್ಕಳ ಜೊತೆ ಕೂತು ತಿಳಿದುಕೊಳ್ಳಿ

ಸುಮಾರಾಗಿ ಎರಡು ದಾರಿಗಳಿವೆ. ಒಂದರಲ್ಲಿ ಪರೀಕ್ಷೆಯ ಅಂಕ ಅಥವಾ ರ‍್ಯಾಂಕ್ ನೋಡಿ, ಅಭ್ಯರ್ಥಿ ಕೊಟ್ಟ ಆಯ್ಕೆ ಪಟ್ಟಿಯ ಪ್ರಕಾರ ಸೀಟು ಹಂಚುತ್ತಾರೆ. ಇನ್ನೊಂದರಲ್ಲಿ ಅಂಕಗಳ ಜೊತೆ ಪ್ರಬಂಧ, ಶಿಕ್ಷಕರ ಪತ್ರ, ಸಂದರ್ಶನ, ಹವ್ಯಾಸ ಎಲ್ಲವನ್ನೂ ಒಂದು ಸಮಿತಿ ಓದಿ ತೀರ್ಮಾನಿಸುತ್ತದೆ.

ಎರಡರ ಅನಿಶ್ಚಿತತೆಯೂ ಒಂದೇ ಥರದ್ದಲ್ಲ. ಮೊದಲನೆಯದರಲ್ಲಿ ಹಿಂದಿನ ವರ್ಷಗಳ ಕಟ್ ಆಫ್ ನೋಡಿದರೆ ಒಂದು ಅಂದಾಜು ಸಿಗುತ್ತದೆ. ಒಂದೇ ವರ್ಷದ್ದು ನೋಡಬೇಡಿ, ಮೂರು ವರ್ಷದ್ದು ನೋಡಿ. ಕಟ್ ಆಫ್ ಏರುತ್ತದೆ, ಇಳಿಯುತ್ತದೆ, ಆ ಏರಿಳಿತದ ಅಳತೆ ಗೊತ್ತಾದರೆ ಸಾಕು. ಎರಡನೆಯದರಲ್ಲಿ ಯಾಕೆ ಸಿಕ್ಕಿತು, ಯಾಕೆ ಸಿಗಲಿಲ್ಲ ಎಂದು ಎಷ್ಟೋ ಸಲ ಕೊನೆಯವರೆಗೂ ಗೊತ್ತಾಗುವುದಿಲ್ಲ. ಇದನ್ನು ಮೊದಲೇ ಹೇಳಿಟ್ಟರೆ ಆಮೇಲೆ "ನನ್ನಲ್ಲಿ ಏನು ಕಮ್ಮಿಯಾಯ್ತು?" ಎಂಬ ಹುಡುಕಾಟ ಸ್ವಲ್ಪವಾದರೂ ಕಡಿಮೆಯಾಗುತ್ತದೆ.

ಒಂದು ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಿ. ಒಂದು ಕೋರ್ಸಿಗೆ 100 ಸೀಟು, 2000 ಅರ್ಜಿ ಎಂದುಕೊಳ್ಳಿ. ಅದರಲ್ಲಿ 400 ಮಂದಿ ಆ ಕೋರ್ಸನ್ನು ಚೆನ್ನಾಗಿ ಓದಬಲ್ಲವರು. ಹಾಗಾದರೆ ಯೋಗ್ಯರಲ್ಲೇ 300 ಮಂದಿಗೆ "ಇಲ್ಲ" ಎಂಬ ಪತ್ರ ಹೋಗಲೇಬೇಕು. ಪತ್ರ ಬಂದವರಿಗೆಲ್ಲ ಯೋಗ್ಯತೆ ಇಲ್ಲ ಅಂತ ಆಗುವುದಿಲ್ಲ, ಕುರ್ಚಿ ಸಾಲಲಿಲ್ಲ ಅಷ್ಟೆ. ನಾವು ಬಾಯಲ್ಲಿ ಹೇಳಿದರೆ ಸಮಾಧಾನದ ಮಾತು ಅನ್ನಿಸುತ್ತದೆ. ಅವರೇ ಕಳೆದು ನೋಡಿದರೆ ಬರೀ ಗಣಿತ.

ಹೆಜ್ಜೆ 3: ಪಟ್ಟಿ ಮಾಡುವಾಗಲೇ ಮುಂದಿನ ಅಳುವನ್ನು ಅರ್ಧ ತಡೆಯಿರಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು. ಎಷ್ಟೋ ಮನೆಗಳಲ್ಲಿ ಪಟ್ಟಿ ಹೀಗಿರುತ್ತದೆ: ಮೇಲೆ ಒಂದು ಕನಸಿನ ಕಾಲೇಜು, ಕೆಳಗೆ ಏಳು "ಇರಲಿ ಬಿಡು" ಕಾಲೇಜುಗಳು. ಮೇಲಿನದು ತಪ್ಪಿದರೆ ಉಳಿದ ಏಳರಲ್ಲಿ ಯಾವುದು ಸಿಕ್ಕಿದರೂ ಸೋಲೇ. ಆ ಸೋಲು ರಿಸಲ್ಟ್ ದಿನ ಹುಟ್ಟಿದ್ದಲ್ಲ, ಪಟ್ಟಿ ಬರೆದ ದಿನವೇ ಹುಟ್ಟಿದ್ದು.

ಪಟ್ಟಿಯ ಪ್ರತಿ ಹೆಸರಿಗೂ ಒಂದೇ ಪ್ರಶ್ನೆ ಕೇಳಿ: "ಇದೊಂದೇ ಸಿಕ್ಕಿದರೆ ಹೋಗ್ತೀಯಾ?" "ಹೋಗಲ್ಲ" ಎಂದರೆ ಹೆಸರು ಹೊಡೆದುಹಾಕಿ. "ಹೋಗಬಹುದೇನೋ" ಎಂದರೆ ಆ ಕಾಲೇಜಿನ ಬಗ್ಗೆ ಇನ್ನೂ ತಿಳಿದುಕೊಂಡಿಲ್ಲ ಎಂದರ್ಥ. ಅಲ್ಲಿ ಏನು ಪಾಠ, ಲ್ಯಾಬ್ ಹೇಗಿದೆ, ಎರಡನೇ ವರ್ಷದವರು ಏನು ಹೇಳುತ್ತಾರೆ, ನೋಡಿ ಬರಲಿ. ಖಚಿತವಾಗಿ ಸಿಗಬಹುದಾದ ಎರಡು ಕಾಲೇಜುಗಳ ಮೇಲೆ, ಕನಸಿನ ಕಾಲೇಜಿನ ಮೇಲೆ ಖರ್ಚು ಮಾಡಿದಷ್ಟೇ ಹೊತ್ತು ಖರ್ಚು ಮಾಡಬೇಕು. ಇದನ್ನು ಯಾರೂ ಮಾಡುವುದಿಲ್ಲ. ನಾವೂ ಮೊದಲು ಮಾಡಿರಲಿಲ್ಲ.

ಆಯ್ಕೆಗಳನ್ನು ಯಾವ ಕ್ರಮದಲ್ಲಿ ಬರೆಯಬೇಕು ಎಂಬುದು ಇನ್ನೊಂದು ತಲೆನೋವು. "ದೊಡ್ಡ ಕಾಲೇಜನ್ನು ಮೇಲೆ ಹಾಕಿದರೆ ಎರಡನೆಯದೂ ಕೈತಪ್ಪುತ್ತೆ" ಎಂದು ಹೆದರಿಸುವವರು ಎಲ್ಲ ಕಡೆ ಇರುತ್ತಾರೆ. ಇದು ನಿಜವೋ ಸುಳ್ಳೋ ಎನ್ನುವುದು ಹಂಚುವ ವಿಧಾನದ ಮೇಲೆ ನಿಂತಿದೆ. 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಎಂಬ ಗಣಿತಜ್ಞರು ಕಾಲೇಜು ಪ್ರವೇಶದ ಈ ಸಮಸ್ಯೆಯನ್ನೇ ಹಿಡಿದು ಒಂದು ಪ್ರಬಂಧ ಬರೆದರು. ಅವರ ವಿಧಾನದಲ್ಲಿ ನಿಮ್ಮ ಮೊದಲ ಆಯ್ಕೆ ನಿಮ್ಮನ್ನು ಬಿಟ್ಟರೆ, ಎರಡನೆಯ ಆಯ್ಕೆಯಲ್ಲಿ ನಿಮಗೆ ಇರುವ ಅವಕಾಶ ಅದನ್ನೇ ಮೇಲೆ ಬರೆದಿದ್ದರೆ ಎಷ್ಟಿರುತ್ತಿತ್ತೋ ಅಷ್ಟೇ. ಅಲ್ಲಿ ಜಾಣತನ ಮಾಡಿ ಲಾಭವಿಲ್ಲ. ನಿಜವಾಗಿ ಇಷ್ಟವಾದ ಕ್ರಮದಲ್ಲೇ ಬರೆಯುವುದು ಒಳ್ಳೆಯದು. ಈ ವಿದ್ಯೆಯ ಕೆಲಸಕ್ಕಾಗಿ ಶಾಪ್ಲಿ ಮತ್ತು ಆಲ್ವಿನ್ ರಾತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ರ‍್ಯಾಂಕ್ ಕ್ರಮದಲ್ಲಿ ಒಬ್ಬೊಬ್ಬರ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬರುವ ಪದ್ಧತಿಯಲ್ಲೂ ಇದೇ ಮಾತು.

ಆದರೆ ಎಲ್ಲ ಕಡೆಯೂ ಹೀಗೆ ಇರುವುದಿಲ್ಲ. ಮೊದಲ ಆಯ್ಕೆಯಾಗಿ ಬರೆದವರಿಗೆ ಮೊದಲು ಸೀಟು ಕೊಟ್ಟು ಮುಗಿಸುವ ಪದ್ಧತಿಯಲ್ಲಿ ಆ ಹೆದರಿಕೆ ನಿಜ. ಅಮೆರಿಕದ ಬಾಸ್ಟನ್ ನಗರದ ಶಾಲೆಗಳಲ್ಲಿ ಅಂಥ ಪದ್ಧತಿ ಇತ್ತು. ಒಳಗುಟ್ಟು ಗೊತ್ತಿದ್ದ ಪೋಷಕರಿಗೆ ಅನುಕೂಲ, ಗೊತ್ತಿಲ್ಲದವರಿಗೆ ನಷ್ಟ ಆಗುತ್ತದೆ ಎಂಬ ಕಾರಣಕ್ಕೆ 2005ರಲ್ಲಿ ಅದನ್ನು ಕೈಬಿಟ್ಟರು. ಹಾಗಾಗಿ ನಿಯಮದ ಪುಸ್ತಿಕೆಯನ್ನು ನೀವೇ ಓದಿ. ಪಕ್ಕದ ಮನೆಯವರ ಮಾತು, ಗ್ರೂಪಿನಲ್ಲಿ ಬಂದ ಫಾರ್ವರ್ಡ್ ನಂಬಿ ಕ್ರಮ ಬದಲಿಸಬೇಡಿ.

ಹೆಜ್ಜೆ 4: ದುಡ್ಡಿನ ಮಾತು ಈಗಲೇ, ಕಾಗದದ ಕೆಲಸವೂ ಈಗಲೇ

ಅಪ್ಲೈ ಮಾಡುವ ಮುಂಚೆಯೇ ಮಕ್ಕಳಿಗೆ ಹೇಳಿ: ವರ್ಷಕ್ಕೆ ಇಷ್ಟು ಕೊಡಬಲ್ಲೆವು, ಇಷ್ಟರವರೆಗೆ ಸಾಲ ಮಾಡಬಲ್ಲೆವು, ಇದಕ್ಕಿಂತ ಮೇಲೆ ಸ್ಕಾಲರ್‌ಶಿಪ್ ಸಿಕ್ಕಿದರೆ ಮಾತ್ರ. ಹದಿನೇಳು ವಯಸ್ಸಿನವರಿಗೆ ಇದು ಅರ್ಥವಾಗುತ್ತದೆ. ಸೀಟು ಸಿಕ್ಕಿದ ಮೇಲೆ "ಅಷ್ಟು ಫೀಸು ಆಗಲ್ಲ ಕಣೋ" ಅನ್ನುವುದಿದೆಯಲ್ಲ, ಅದು ಸೀಟು ಸಿಗದಿರುವುದಕ್ಕಿಂತ ಜಾಸ್ತಿ ನೋವು ಕೊಡುತ್ತದೆ. ಮೊದಲ ವರ್ಷದ ಫೀಸು ಮಾತ್ರ ನೋಡಬೇಡಿ. ಪೂರ್ತಿ ಕೋರ್ಸಿನದ್ದು, ಹಾಸ್ಟೆಲ್ ಮತ್ತು ಊಟದ್ದು ಸೇರಿಸಿ ಕೂಡಿಸಿ.

ಕಾಗದದ ಕೆಲಸಕ್ಕೆ ಒಂದೇ ಹಾಳೆ ಸಾಕು. ಕಾಲೇಜಿನ ಹೆಸರು, ಕೊನೆಯ ದಿನ, ರಿಸಲ್ಟ್ ದಿನ, ಫೀಸು ಕಟ್ಟುವ ಗಡುವು, ಸೀಟು ಬಿಟ್ಟರೆ ದುಡ್ಡು ವಾಪಸ್ ಬರುತ್ತದೋ ಇಲ್ಲವೋ. ಇಷ್ಟು ಬರೆದು ಗೋಡೆಗೆ ಅಂಟಿಸಿ. ಪಾಸ್‌ವರ್ಡ್‌ಗಳು ಬೇರೆ ಕಡೆ ಇರಲಿ. ಎಲ್ಲ ದಾಖಲೆಗಳಲ್ಲೂ ಹೆಸರಿನ ಅಕ್ಷರಗಳು ಒಂದೇ ರೀತಿ ಇವೆಯಾ ನೋಡಿ. ನಮ್ಮಲ್ಲಿ ಒಂದು ಇನಿಷಿಯಲ್ ಆಚೀಚೆಯಾಗಿ ಒಂದು ಕಾಲೇಜಿನ ಕಚೇರಿಗೆ ಮೂರು ಸಲ ಅಲೆದೆವು. ಇಂಥ ಕೆಲಸ ದೊಡ್ಡವರು ವಹಿಸಿಕೊಂಡರೆ ತಪ್ಪಿಲ್ಲ. ಪ್ರಬಂಧ ಬರೆದುಕೊಡುವುದು, ಕೋರ್ಸು ಆರಿಸಿಕೊಡುವುದು ಮಾತ್ರ ನಮ್ಮ ಕೆಲಸ ಅಲ್ಲ.

ಹೆಜ್ಜೆ 5: ಕಾಯುವ ದಿನಗಳು

"ಟೆನ್ಷನ್ ಮಾಡ್ಕೋಬೇಡ" ಎನ್ನುವ ಮಾತನ್ನು ಮೊದಲು ನಿಲ್ಲಿಸಿ. ಆ ಮಾತಿನಿಂದ ಯಾರ ಟೆನ್ಷನ್ನಾದರೂ ಕಡಿಮೆಯಾದದ್ದನ್ನು ನೀವು ನೋಡಿದ್ದೀರಾ? ನಾನಂತೂ ನೋಡಿಲ್ಲ.

ಗೊತ್ತಿಲ್ಲದಿರುವುದೇ ಒಂದು ಹಿಂಸೆ. 2016ರಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಸಂಶೋಧಕರು 45 ಜನರಿಗೆ ಒಂದು ಕಂಪ್ಯೂಟರ್ ಆಟ ಆಡಿಸಿದರು. ಪರದೆಯ ಮೇಲಿನ ಬಂಡೆಯ ಕೆಳಗೆ ಹಾವಿದೆಯೋ ಇಲ್ಲವೋ ಊಹಿಸಬೇಕು. ಹಾವಿದ್ದರೆ ಕೈಗೆ ನೋವಾಗುವಂಥ ಸಣ್ಣ ಶಾಕ್. ಶಾಕ್ ಖಂಡಿತ ಎಂದು ಗೊತ್ತಿದ್ದಾಗ ಇದ್ದ ಒತ್ತಡಕ್ಕಿಂತ, ಹೌದೋ ಅಲ್ಲವೋ ಎಂಬುದು ಅರ್ಧಕ್ಕರ್ಧ ಇದ್ದಾಗ ಒತ್ತಡ ಜಾಸ್ತಿ ಇತ್ತು. ಹಾಗಾಗಿ "ಇನ್ನೂ ಏನೂ ಆಗೇ ಇಲ್ಲ, ಈಗಲೇ ಯಾಕೆ ಹೀಗಾಡ್ತೀಯ?" ಎಂದು ಕೇಳಬೇಡಿ. ಏನೂ ಆಗದಿರುವುದೇ ಕಷ್ಟ.

ಕ್ಯಾಲಿಫೋರ್ನಿಯಾದ ಕೇಟ್ ಸ್ವೀನಿ ಎಂಬ ಮನಶ್ಶಾಸ್ತ್ರಜ್ಞೆ ಕಾಯುವಿಕೆಯನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ವಕೀಲಿ ಪರೀಕ್ಷೆ ಬರೆದು ನಾಲ್ಕು ತಿಂಗಳು ಫಲಿತಾಂಶಕ್ಕೆ ಕಾಯುತ್ತಿದ್ದ 230 ಮಂದಿಯನ್ನು ಅವರ ತಂಡ ಹಿಂಬಾಲಿಸಿತು. ಆತಂಕ ಕಡಿಮೆ ಮಾಡಿಕೊಳ್ಳಲು ಆ ಜನ ಮಾಡಿದ ಉಪಾಯಗಳು ಹೆಚ್ಚಿನ ಮಟ್ಟಿಗೆ ಕೆಲಸ ಮಾಡಲಿಲ್ಲ. ಆದರೆ ಚಿಂತೆ ಮಾಡುತ್ತಾ, ಕೆಟ್ಟದ್ದನ್ನೂ ಯೋಚಿಸುತ್ತಾ ಕಾದವರು ಕೆಟ್ಟ ಸುದ್ದಿ ಬಂದಾಗ ಬೇಗ ಮುಂದಿನ ಕೆಲಸಕ್ಕೆ ಹೊರಳಿದರು. ಒಳ್ಳೆಯ ಸುದ್ದಿ ಬಂದಾಗ ಜಾಸ್ತಿ ಖುಷಿಯನ್ನೂ ಪಟ್ಟರು. ಅಂದರೆ "ಸಿಗದಿದ್ದರೆ?" ಎಂದು ಮಗು ಕೇಳಿದಾಗ "ಅಪಶಕುನ ನುಡಿಯಬೇಡ" ಎಂದು ಬಾಯಿ ಮುಚ್ಚಿಸಬಾರದು. "ಹೌದು, ಸಿಗದಿದ್ದರೆ ಏನು ಮಾಡೋಣ?" ಎಂದು ಕೂತು ಕೇಳಬೇಕು.

ಅದೇ ತಂಡದ ಮುಂದಿನ ಅಧ್ಯಯನಗಳಲ್ಲಿ ಸ್ವಲ್ಪ ನೆಮ್ಮದಿಯಿಂದ ಕಾದವರಲ್ಲಿ ಕಂಡದ್ದು ಒಂದು ಗುಣ. ಅವರು ಮೈಮರೆಯುವಂಥ ಕೆಲಸದಲ್ಲಿ ತೊಡಗಿರುತ್ತಿದ್ದರು. ಕೈಗೆ ಸ್ವಲ್ಪ ಸವಾಲು ಇರಬೇಕು, ಮಾಡಿದ್ದು ಸರಿಯೋ ತಪ್ಪೋ ತಕ್ಷಣ ಗೊತ್ತಾಗಬೇಕು. ಚಿತ್ರ ಬಿಡಿಸುವುದು, ವಾದ್ಯ ಕಲಿಯುವುದು, ಹಳೇ ಸೈಕಲ್ ಬಿಚ್ಚಿ ಜೋಡಿಸುವುದು, ಚೆಸ್, ಈಜು, ಒಂದು ಸಣ್ಣ ಪ್ರೋಗ್ರಾಂ ಬರೆಯುವುದು. ರೀಲ್ಸ್ ನೋಡುವುದು ಇದಕ್ಕೆ ಬರುವುದಿಲ್ಲ. ಅಲ್ಲಿ ಹೊತ್ತು ಹೋಗುತ್ತದೆ, ಮನಸ್ಸು ಹೋಗುವುದಿಲ್ಲ. ಇನ್ನೊಂದು ಎಚ್ಚರಿಕೆ: "ಸುಮ್ನೆ ಕೂತಿದ್ದೀಯಲ್ಲ, ಏನಾದ್ರೂ ಕಲಿ" ಎಂದು ಇದನ್ನೂ ಒಂದು ಕೋರ್ಸು ಮಾಡಿಬಿಡಬೇಡಿ.

ರಾತ್ರಿ ಚಿಂತೆ ಜಾಸ್ತಿಯಾಗುವ ಮಕ್ಕಳಿಗೆ "ಚಿಂತೆಯ ಹೊತ್ತು" ಎಂಬ ಹಳೇ ಉಪಾಯ ಇದೆ. ಥಾಮಸ್ ಬೋರ್ಕೊವೆಕ್ ಎಂಬ ಮನಶ್ಶಾಸ್ತ್ರಜ್ಞರು 1983ರಲ್ಲೇ ಇದನ್ನು ಪರೀಕ್ಷಿಸಿದ್ದರು. ದಿನಾ ಒಂದೇ ಜಾಗ, ಒಂದೇ ಹೊತ್ತು, ಅರ್ಧ ಗಂಟೆ. ಆಗ ಎಷ್ಟು ಬೇಕಾದರೂ ಚಿಂತಿಸಬಹುದು, ಬರೆಯಬಹುದು, ಪರಿಹಾರ ಹುಡುಕಬಹುದು. ಬೇರೆ ಹೊತ್ತಿನಲ್ಲಿ ಬಂದ ಚಿಂತೆಗೆ "ಸಂಜೆ ಆರಕ್ಕೆ ಬಾ" ಎಂದು ಹೇಳಿ ಕಳಿಸುವುದು. ಮೊದಲ ಎರಡು ಮೂರು ದಿನ ತಮಾಷೆ ಅನ್ನಿಸುತ್ತದೆ. ಆಮೇಲೆ ಆರು ಗಂಟೆಗೆ ಕೂತಾಗ ಚಿಂತಿಸಲು ಏನೂ ಹೊಳೆಯದೆ ಮಗಳು ನಕ್ಕ ದಿನವೂ ಇತ್ತು. ಈ ಹೊತ್ತು ಮಲಗುವ ಸಮಯದ ಹತ್ತಿರ ಇರಬಾರದು.

ನಿದ್ದೆಗೆ ಇಷ್ಟು ಮಾತ್ರ ಹೇಳುತ್ತೇನೆ. 13ರಿಂದ 18 ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ರಾತ್ರಿ ಫೋನು ಮಲಗುವ ಕೋಣೆಯಿಂದ ಹೊರಗಿರಲಿ, ನಿಮ್ಮದೂ ಸೇರಿ.

ಗೆಳೆಯರ ಗ್ರೂಪಿನಲ್ಲಿ ಒಬ್ಬೊಬ್ಬರದೇ "ಸಿಕ್ತು!" ಬರತೊಡಗಿದಾಗ ಎದೆ ಢವಢವ ಅನ್ನುವುದು ಸಹಜ. ಗ್ರೂಪ್ ಬಿಟ್ಟು ಬಾ ಎಂದರೆ ಯಾರೂ ಬಿಡುವುದಿಲ್ಲ. ಮ್ಯೂಟ್ ಮಾಡಿ, ದಿನಕ್ಕೆ ಒಮ್ಮೆ ನೋಡುವುದು ಸಾಧ್ಯ. ನೆಂಟರ ಪ್ರಶ್ನೆಗೆ ಒಂದು ಸಿದ್ಧ ಉತ್ತರ ಕೊಟ್ಟಿಡಿ: "ಇನ್ನೂ ಬಂದಿಲ್ಲ ಅತ್ತೆ, ಸೇರಿದ ಮೇಲೆ ನಾನೇ ಫೋನ್ ಮಾಡ್ತೀನಿ." ಅಷ್ಟಾದ ಮೇಲೂ ಕೇಳಿದರೆ ನೀವು ನಡುವೆ ಬನ್ನಿ. ಅಲ್ಲಿ ತಡೆಗೋಡೆಯ ಕೆಲಸ ನಮ್ಮದು.

ಹೆಜ್ಜೆ 6: ರಿಸಲ್ಟ್ ದಿನಕ್ಕೆ ಮೊದಲೇ ಒಪ್ಪಂದ

ಹಿಂದಿನ ವಾರವೇ ಮೂರು ಪ್ರಶ್ನೆ ಕೇಳಿ. ಒಬ್ಬನೇ ನೋಡ್ತೀಯಾ, ಜೊತೆಗೆ ಇರಬೇಕಾ? ಯಾವ ಹೊತ್ತಿಗೆ ನೋಡ್ತೀಯಾ? ಯಾರಿಗೆ ಯಾವಾಗ ಹೇಳಬಹುದು? ಉತ್ತರ ಏನೇ ಬರಲಿ, ಅದೇ ಕಾನೂನು. ಲಾಗಿನ್ ವಿವರ ನಿಮ್ಮ ಹತ್ತಿರ ಇದ್ದರೂ ಮೊದಲೇ ಕದ್ದು ನೋಡಬೇಡಿ. ನೋಡಿದರೆ ನಿಮ್ಮ ಮುಖವೇ ಹೇಳಿಬಿಡುತ್ತದೆ. ಮಕ್ಕಳು ಫಲಿತಾಂಶಕ್ಕಿಂತ ಮೊದಲು ಓದುವುದು ಆ ಮುಖವನ್ನು.

ಪುಟ ತೆರೆಯದಿರುವುದು, ಸರ್ವರ್ ನಿಂತುಹೋಗುವುದು ಮಾಮೂಲಿ. ಅರ್ಧ ಗಂಟೆ ಬಿಟ್ಟು ನೋಡುವುದು ಎಂದು ಮೊದಲೇ ತೀರ್ಮಾನವಾಗಿದ್ದರೆ ರಿಫ್ರೆಶ್ ಒತ್ತುತ್ತಾ ಬೆವರುವುದು ತಪ್ಪುತ್ತದೆ. ಸಂಜೆಗೆ ಏನಾದರೂ ಇಷ್ಟದ ಕಾರ್ಯಕ್ರಮ ಇಟ್ಟುಕೊಳ್ಳಿ. ಸಿಕ್ಕಿದರೂ ಅದೇ, ಸಿಗದಿದ್ದರೂ ಅದೇ. ಸಿಕ್ಕಿದ್ದಕ್ಕೆ ಮಾತ್ರ ಸಂಭ್ರಮ ಎಂದು ಇಟ್ಟರೆ, ಸಿಗದ ದಿನ ಮನೆ ಸೂತಕದ ಮನೆಯಾಗುತ್ತದೆ.

ಸಿಕ್ಕಿದರೆ ಖುಷಿಪಡಲಿ, ಕುಣಿಯಲಿ. ಗೆಳತಿಗೆ ಸಿಕ್ಕಿಲ್ಲ ಎಂದು ತನ್ನ ಖುಷಿಯನ್ನು ನುಂಗಿಕೊಳ್ಳುವ ಮಕ್ಕಳೂ ಇದ್ದಾರೆ. ಮನೆಯೊಳಗೆ ಪೂರ್ತಿ ಖುಷಿ, ಆ ಗೆಳತಿಯ ಮುಂದೆ ಸ್ವಲ್ಪ ಮೆಲ್ಲಗೆ. ಸ್ಟೇಟಸ್ ಹಾಕುವುದು ಒಂದು ದಿನ ತಡವಾದರೆ ಏನೂ ಹೋಗುವುದಿಲ್ಲ. ಮಗನ ಒಪ್ಪಿಗೆ ಇಲ್ಲದೆ ನೀವು ಹಾಕುವುದಂತೂ ಬೇಡವೇ ಬೇಡ.

ಹೆಜ್ಜೆ 7: "ಇಲ್ಲ" ಎಂದು ಬಂದಾಗ

ಮೊದಲ ಒಂದು ದಿನ ಬುದ್ಧಿಮಾತು ಬೇಡ. "ಆಗೋದೆಲ್ಲ ಒಳ್ಳೇದಕ್ಕೆ", "ಅವರಿಗೇ ನಷ್ಟ", "ಮೊದಲೇ ಹೇಳಿದ್ದೆ, ಇನ್ನೂ ಸ್ವಲ್ಪ ಓದಬೇಕಿತ್ತು" ಇವು ಮೂರೂ ಗಾಯದ ಮೇಲೆ ಬರೆ. ಕೊನೆಯದನ್ನು ಮಕ್ಕಳು ಇಪ್ಪತ್ತು ವರ್ಷ ಮರೆಯುವುದಿಲ್ಲ. ಹೇಳಲೇಬೇಕೆಂದರೆ ಇಷ್ಟು ಸಾಕು: "ತುಂಬಾ ಆಸೆ ಇಟ್ಕೊಂಡಿದ್ದೆ ಅಲ್ವಾ? ನನಗೂ ಬೇಜಾರಾಯ್ತು." ಆಮೇಲೆ ಸುಮ್ಮನೆ ಪಕ್ಕದಲ್ಲಿ ಕೂತಿರಿ. ಕೋಣೆಯ ಬಾಗಿಲು ಹಾಕಿಕೊಂಡರೆ ಬಾಗಿಲ ಹೊರಗೆ ಇರಿ. ಊಟಕ್ಕೆ ಕರೆಯಿರಿ, ಬಲವಂತ ಬೇಡ.

ಮಾತಾಡಲು ಮನಸ್ಸಿಲ್ಲದ ಮಕ್ಕಳಿಗೆ ಬರೆಯುವುದು ಒಗ್ಗಬಹುದು. ಜೇಮ್ಸ್ ಪೆನ್ನೆಬೇಕರ್ ಎಂಬ ಮನಶ್ಶಾಸ್ತ್ರಜ್ಞರ 1986ರ ಪ್ರಯೋಗದಲ್ಲಿ ವಿದ್ಯಾರ್ಥಿಗಳು ತಮ್ಮ ನೋವಿನ ಬಗ್ಗೆ ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆದರು. ಬರೆದ ಕೂಡಲೇ ಮನಸ್ಸು ಇನ್ನೂ ಭಾರವಾಗಿತ್ತು. ಆದರೆ ನೋವಿನ ಜೊತೆ ಅದರ ಭಾವನೆಗಳನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಯಿಲೆಯೆಂದು ಕ್ಲಿನಿಕ್ಕಿಗೆ ಹೋದದ್ದು ಕಡಿಮೆ. ಬರೆದದ್ದನ್ನು ಯಾರೂ ಓದುವುದಿಲ್ಲ ಎಂದು ಮಾತು ಕೊಡಿ, ಉಳಿಸಿಕೊಳ್ಳಿ.

ಎರಡು ಮೂರು ದಿನ ಕಳೆದ ಮೇಲೆ ಅವರೇ "ಮುಂದೆ?" ಎನ್ನುತ್ತಾರೆ. ಆಗ ಹಾಳೆ ತೆಗೆಯಿರಿ. ಮರುಪರಿಶೀಲನೆಗೆ ಅವಕಾಶ ಇದೆಯಾ, ಎರಡನೇ ಸುತ್ತು ಇದೆಯಾ, ಉಳಿದ ಆಯ್ಕೆಗಳಲ್ಲಿ ಗಡುವು ಯಾವುದು ಹತ್ತಿರ. ಗಡುವು ನಾಳೆಯೇ ಇದ್ದರೆ ಫೀಸು ಕಟ್ಟಿ ಸೀಟು ಹಿಡಿಯುವ ಕೆಲಸವನ್ನು ನೀವು ಕೇಳಿಕೊಂಡೇ ಮಾಡಿ, ತೀರ್ಮಾನ ಆಮೇಲೆ ಇರಲಿ. ಒಂದು ವರ್ಷ ಬಿಟ್ಟು ಮತ್ತೆ ಬರೆಯುವ ಯೋಚನೆ ಬಂದರೆ ಬೈಯಬೇಡಿ, ತಕ್ಷಣ ಒಪ್ಪಲೂ ಬೇಡಿ. ಆ ವರ್ಷದ ಒಂದು ಮಾಮೂಲಿ ಮಂಗಳವಾರ ಹೇಗಿರುತ್ತದೆ ಎಂದು ಬೆಳಗಿನಿಂದ ರಾತ್ರಿವರೆಗೆ ಬರೆದು ತೋರಿಸಲು ಹೇಳಿ. ಬರೆಯಲು ಬಂದರೆ ಯೋಜನೆ ಇದೆ ಎಂದರ್ಥ. ಹಾಳೆ ಖಾಲಿ ಉಳಿದರೆ ಅದು ಯೋಜನೆಯಲ್ಲ, ನೋವು ತಪ್ಪಿಸಿಕೊಳ್ಳುವ ದಾರಿ.

ಇದು ಬರೀ ಬೇಜಾರಲ್ಲ ಎಂದು ಗೊತ್ತಾಗುವುದು ಹೇಗೆ? ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿರುವುದು. ಗೆಳೆಯರನ್ನು ಪೂರ್ತಿ ಬಿಟ್ಟಿರುವುದು. ಇಷ್ಟದ ವಸ್ತುಗಳನ್ನು ಹಂಚಿಬಿಡುವುದು. "ನಾನಿದ್ದು ಏನು ಪ್ರಯೋಜನ" ಎಂಬ ಮಾತು. ಕೊನೆಯ ಎರಡರಲ್ಲಿ ಒಂದು ಕಂಡರೂ ಎರಡು ವಾರ ಕಾಯಬೇಡಿ, ಅವತ್ತೇ ನೇರವಾಗಿ ಕೇಳಿ: "ಸಾಯಬೇಕು ಅಂತ ಅನ್ನಿಸ್ತಿದೆಯಾ?" ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬುದು ತಪ್ಪು ನಂಬಿಕೆ. ಕೇಳಿದರೆ ಬಾಯಿ ಬಿಡುವ ಸಾಧ್ಯತೆಯೇ ಜಾಸ್ತಿ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ, ಅಪಾಯದ ವಸ್ತುಗಳನ್ನು ದೂರ ಇಡಿ, ಮನೋವೈದ್ಯರ ಬಳಿ ಅಥವಾ ಆಸ್ಪತ್ರೆಗೆ ಅವತ್ತೇ ಕರೆದುಕೊಂಡು ಹೋಗಿ. ನಿಮ್ಮಲ್ಲಿರುವ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರನ್ನು ರಿಸಲ್ಟ್ ಬರುವ ಮುಂಚೆಯೇ ಮನೆಯ ಎಲ್ಲರ ಫೋನಿನಲ್ಲೂ ಸೇವ್ ಮಾಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 15ರಿಂದ 29 ವಯಸ್ಸಿನವರ ಸಾವಿಗೆ ಆತ್ಮಹತ್ಯೆ ಮೂರನೇ ದೊಡ್ಡ ಕಾರಣ. ನಮ್ಮ ಮನೆಯಲ್ಲಿ ಅದೆಲ್ಲ ಇಲ್ಲ ಎಂದು ಯಾರೂ ಕೈಕಟ್ಟಿ ಕೂರುವಂತಿಲ್ಲ.

ಹೆಜ್ಜೆ 8: ಎರಡು ಮೂರು ಕಡೆ ಸಿಕ್ಕಾಗ

ಇದನ್ನು ಜನ ಸುಖದ ಸಮಸ್ಯೆ ಅನ್ನುತ್ತಾರೆ. ಅನುಭವಿಸುವವರಿಗೆ ಸಮಸ್ಯೆಯೇ. ತಪ್ಪು ಆರಿಸಿಬಿಟ್ಟರೆ ಜೀವನವೇ ಹೋಯಿತು ಎಂಬ ಹೆದರಿಕೆ.

ಆ ಹೆದರಿಕೆಗೆ ಎರಡು ಅಧ್ಯಯನಗಳನ್ನು ಮಗಳಿಗೆ ಹೇಳಿದ್ದೆ. ಎರಡೂ ಅಮೆರಿಕದವು. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ, 1976ರಲ್ಲಿ ಕಾಲೇಜು ಸೇರಿದ್ದವರ ಸಂಬಳವನ್ನು ಹೋಲಿಸಿದರು. ಒಂದೇ ಥರದ ಕಾಲೇಜುಗಳಿಗೆ ಅರ್ಜಿ ಹಾಕಿ, ಒಂದೇ ಥರದ ಕಡೆ ಸೀಟು ಸಿಕ್ಕಿದ್ದವರಲ್ಲಿ, ಅತಿ ಕಷ್ಟದಲ್ಲಿ ಸೀಟು ಸಿಗುವ ಕಾಲೇಜಿಗೆ ಹೋದವರೂ ಅಷ್ಟೇನೂ ಹೆಸರಿಲ್ಲದ ಕಡೆ ಹೋದವರೂ ಮುಂದೆ ಸುಮಾರು ಅಷ್ಟೇ ದುಡಿದರು. ಬಡ ಕುಟುಂಬದ ಮಕ್ಕಳ ವಿಷಯ ಮಾತ್ರ ಬೇರೆ. ಅವರಿಗೆ ಅಂಥ ಕಾಲೇಜಿನಿಂದ ಲಾಭ ಕಂಡಿತು. ಈ ವ್ಯತ್ಯಾಸವನ್ನು ಮುಚ್ಚಿಟ್ಟು "ಎಲ್ಲ ಕಾಲೇಜೂ ಒಂದೇ" ಎನ್ನುವುದು ಸುಳ್ಳಾಗುತ್ತದೆ. ಇನ್ನೊಂದು 2003ರದ್ದು, ಎಲಿಜಬೆತ್ ಡನ್ ಮತ್ತು ಅವರ ಜೊತೆಗಾರರದು. ಒಂದು ವಿಶ್ವವಿದ್ಯಾಲಯದಲ್ಲಿ ಹಾಸ್ಟೆಲನ್ನು ಲಾಟರಿಯಂತೆ ಹಂಚುತ್ತಿದ್ದರು. ಇಷ್ಟದ ಹಾಸ್ಟೆಲ್ ಸಿಕ್ಕರೆ ಎಷ್ಟು ಸುಖ, ಸಿಗದಿದ್ದರೆ ಎಷ್ಟು ದುಃಖ ಎಂದು ವಿದ್ಯಾರ್ಥಿಗಳು ಮೊದಲೇ ಊಹಿಸಿದ್ದರು. ವರ್ಷ ಕಳೆದ ಮೇಲೆ ಎರಡೂ ಗುಂಪಿನ ಸುಖದಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ನಾವು ಕಟ್ಟಡ, ಜಾಗ ನೋಡಿ ಊಹಿಸುತ್ತೇವೆ. ಅಲ್ಲಿ ಸಿಗುವ ಜನರ ಜೊತೆ ಬದುಕುತ್ತೇವೆ.

ಆರಿಸುವಾಗ ಎರಡನೇ ವರ್ಷದ ಇಬ್ಬರು ವಿದ್ಯಾರ್ಥಿಗಳ ಜೊತೆ ಮಗನೇ ಮಾತಾಡಲಿ. "ಕಾಲೇಜು ಚೆನ್ನಾಗಿದೆಯಾ?" ಎಂದು ಕೇಳಿದರೆ "ಚೆನ್ನಾಗಿದೆ" ಎನ್ನುತ್ತಾರೆ. "ಪಾಠ ಅರ್ಥವಾಗದಿದ್ದರೆ ಯಾರ ಹತ್ತಿರ ಹೋಗ್ತೀರಾ?", "ಯಾರು ಬಿಟ್ಟು ಹೋದರು, ಯಾಕೆ?", "ಶನಿವಾರ ಸಂಜೆ ಏನು ಮಾಡ್ತೀರಾ?" ಎಂದು ಕೇಳಿದರೆ ನಿಜ ಹೊರಬರುತ್ತದೆ. ಎಲ್ಲ ಸಮಸಮ ಅನ್ನಿಸಿದರೆ ನಾಣ್ಯ ಹಾರಿಸಿ. ನಾಣ್ಯದ ಮಾತು ಕೇಳಬೇಕಿಲ್ಲ. ಅದು ಗಾಳಿಯಲ್ಲಿದ್ದಾಗ ಯಾವುದು ಬೀಳಲಿ ಎಂದು ಮನಸ್ಸು ಬಯಸಿತು, ಅದನ್ನು ನೋಡಿ.

ಹೆಜ್ಜೆ 9: ವೇಟಿಂಗ್ ಲಿಸ್ಟ್ ಎಂಬ ತ್ರಿಶಂಕು

ಹೌದು ಅಲ್ಲ, ಇಲ್ಲ ಅಲ್ಲ. ಮೇಲೆ ಹೇಳಿದ ಹಾವು ಬಂಡೆಯ ಆಟ ಮತ್ತೆ ಶುರು. ಇಲ್ಲಿ ಒಂದೇ ನಿಯಮ: ಕೈಯಲ್ಲಿರುವ ಸೀಟನ್ನು ಮೊದಲು ಗಟ್ಟಿ ಮಾಡಿಕೊಳ್ಳಿ, ಆಮೇಲೆ ಕಾಯಿರಿ. ವೇಟಿಂಗ್ ಲಿಸ್ಟಿನಲ್ಲಿ ಉಳಿಯಲು ಒಪ್ಪಿಗೆ ಕೊಡಬೇಕೇ, ಕ್ರಮಸಂಖ್ಯೆ ಹೇಳುತ್ತಾರೆಯೇ, ಕಳೆದ ವರ್ಷ ಎಷ್ಟರವರೆಗೆ ಹೋಯಿತು ಎಂದು ಕಾಲೇಜಿಗೆ ಒಮ್ಮೆ ಕೇಳಿ. ದಿನಾ ಕೇಳಿದರೆ ನಂಬರೇನೂ ಮುಂದೆ ಬರುವುದಿಲ್ಲ. ಒಂದು ಕಡೆಯ ಸೀಟು ಹಿಡಿದರೆ ಇನ್ನೊಂದು ಕಡೆಯ ಸರದಿ ಹೋಗುವ ನಿಯಮವೂ ಕೆಲವೆಡೆ ಇರುತ್ತದೆ, ಅದನ್ನು ನೋಡಿಕೊಳ್ಳಿ.

ಕೆಲವು ಸಲ ಕರೆ ಬರುವುದು ಬೇರೆ ಕಡೆ ತರಗತಿ ಶುರುವಾದ ಮೇಲೆ. ಕೊಟ್ಟ ಸಮಯ ಒಂದು ದಿನವೋ ಎರಡು ದಿನವೋ ಇರುತ್ತದೆ. ಆ ಗಡಿಬಿಡಿಯಲ್ಲಿ ಯಾರೂ ಸರಿಯಾಗಿ ಯೋಚಿಸಲಾರರು. ಹಾಗಾಗಿ ಇವತ್ತೇ ಮಗಳ ಜೊತೆ ಕೂತು ಬರೆದಿಡಿ: ಯಾವ ತಾರೀಖಿನವರೆಗೆ ಕರೆ ಬಂದರೆ ಹೋಗುವುದು, ಕಟ್ಟಿದ ಫೀಸಿನಲ್ಲಿ ಎಷ್ಟು ಹೋದರೂ ಪರವಾಗಿಲ್ಲ, ಯಾವ ತಾರೀಖಿನ ಮೇಲೆ ಫೋನ್ ಬಂದರೂ "ಬೇಡ, ಥ್ಯಾಂಕ್ಸ್" ಎನ್ನುವುದು. ನಮ್ಮ ಮನೆಯ ಹಾಳೆಯಲ್ಲಿ ಆ ತಾರೀಖನ್ನು ಬರೆದವಳು ಮಗಳು. ಕರೆ ಬಂದದ್ದು ಆ ತಾರೀಖು ಕಳೆದು ಎಂಟು ದಿನಕ್ಕೆ. ಹೊಸ ಕಾಲೇಜಿನ ಕಾರಿಡಾರಿನಲ್ಲಿ ನಿಂತು ಅವಳೇ ಮಾತಾಡಿ ಮುಗಿಸಿದಳು. ನನಗೆ ಹೇಳಿದ್ದು ರಾತ್ರಿ, ಅದೂ ಬೇರೇನೋ ಮಾತಿನ ಮಧ್ಯೆ.